ಸಿಮ್ ಕಾರ್ಡ್‌ನಿಂದ ವೀಸಾವರೆಗೆ: ಆಸ್ಟ್ರೇಲಿಯಾದ ಭಯೋತ್ಪಾದನಾ ನಿಗ್ರಹ ವ್ಯವಸ್ಥೆ ಮತ್ತು ನಾವು

2024ರ ಏಪ್ರಿಲ್ 13ರಂದು ಸಿಡ್ನಿಯ ಬಾಂಡೈ ಜಂಕ್ಷನ್ ಮಾಲ್‌ನಲ್ಲಿ ಒಬ್ಬಾತ ಚಾಕುವಿನಿಂದ ಆರು ಜನರನ್ನು ಕೊಂದ. ಎರಡು ದಿನಗಳ ನಂತರ ಅದೇ ನಗರದ ಪಶ್ಚಿಮಕ್ಕಿರುವ ವೇಕ್ಲಿಯ ಚರ್ಚ್‌ನಲ್ಲಿ ಹದಿನಾರರ ಹುಡುಗನೊಬ್ಬ ಬಿಷಪ್‌ಗೆ ಇರಿದ, ಯಾರೂ ಸಾಯಲಿಲ್ಲ. ಪೊಲೀಸರು ಎರಡನೆಯ ಘಟನೆಯನ್ನು ಭಯೋತ್ಪಾದನೆ ಎಂದು ಘೋಷಿಸಿದರು, ಮೊದಲನೆಯದನ್ನು ಘೋಷಿಸಲಿಲ್ಲ. ಆ ವಾರ ಇಲ್ಲಿ ನೆಲೆಸಿದ ನಮ್ಮ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಇದೇ ಚರ್ಚೆ: ಆರು ಜನ ಸತ್ತದ್ದು ಸಣ್ಣದೇ, ಗಾಯವಾದದ್ದು ದೊಡ್ಡದೇ?

ಸತ್ತವರ ಸಂಖ್ಯೆಗೂ ಆ ಘೋಷಣೆಗೂ ಸಂಬಂಧವಿಲ್ಲ. ಆಸ್ಟ್ರೇಲಿಯಾದ ಕ್ರಿಮಿನಲ್ ಕೋಡ್ ನೋಡುವುದು ಉದ್ದೇಶವನ್ನು. ಕೃತ್ಯದ ಹಿಂದೆ ರಾಜಕೀಯ, ಧಾರ್ಮಿಕ ಅಥವಾ ಸೈದ್ಧಾಂತಿಕ ಗುರಿಯಿರಬೇಕು. ಜೊತೆಗೆ ಸರ್ಕಾರವನ್ನು ಬೆದರಿಸಿ ಮಣಿಸುವ ಅಥವಾ ಜನರಲ್ಲಿ ಭಯ ಹುಟ್ಟಿಸುವ ಇರಾದೆಯೂ ಇರಬೇಕು. ಸಾವುನೋವಿನ ಉದ್ದೇಶವಿಲ್ಲದ ಪ್ರತಿಭಟನೆ, ಭಿನ್ನಮತ, ಮುಷ್ಕರಗಳನ್ನು ಕಾನೂನೇ ಹೊರಗಿಟ್ಟಿದೆ. ಈ ವಿನಾಯಿತಿಯನ್ನು ನೆನಪಿಟ್ಟುಕೊಳ್ಳಿ. ಸಂಸತ್ತಿನ ಮುಂದೆ ಫಲಕ ಹಿಡಿದು ನಿಂತರೆ ವೀಸಾ ಹೋಗುತ್ತದೆ ಎಂದು ಹೆದರುವ ವಿದ್ಯಾರ್ಥಿಗಳು ನಮ್ಮಲ್ಲಿ ಬಹಳ. ಶಾಂತಿಯುತ ಪ್ರತಿಭಟನೆ ಈ ಕಾನೂನಿನ ವ್ಯಾಪ್ತಿಗೆ ಬರುವುದಿಲ್ಲ.

2001ರ ಸೆಪ್ಟೆಂಬರ್ 11ಕ್ಕೆ ಮುಂಚೆ ಈ ದೇಶದಲ್ಲಿ ಭಯೋತ್ಪಾದನೆಗೆಂದೇ ರಾಷ್ಟ್ರಮಟ್ಟದ ಕಾನೂನು ಇರಲಿಲ್ಲವೆಂದೇ ಹೇಳಬಹುದು. ಆಮೇಲಿನ ಎರಡು ದಶಕಗಳಲ್ಲಿ ಸಂಸತ್ತು ತೊಂಬತ್ತಕ್ಕೂ ಹೆಚ್ಚು ಕಾಯ್ದೆಗಳನ್ನು ಪಾಸು ಮಾಡಿತು. ಸಾಮಾನ್ಯವಾಗಿ ಕಳ್ಳತನವಾದ ಮೇಲೆ ಪೊಲೀಸರು ಬರುತ್ತಾರೆ, ಸಾಕ್ಷ್ಯ ಕೂಡಿಸುತ್ತಾರೆ, ಕೋರ್ಟು ಶಿಕ್ಷೆ ಕೊಡುತ್ತದೆ. ಭಯೋತ್ಪಾದನೆಯಲ್ಲಿ ಕೃತ್ಯ ನಡೆಯುವವರೆಗೆ ಕಾಯಲಾಗುವುದಿಲ್ಲ. ಹಾಗಾಗಿ ತಯಾರಿ, ತರಬೇತಿ, ಹಣ ಕೊಡುವುದು, ನಿಷೇಧಿತ ಸಂಘಟನೆಯ ಸದಸ್ಯತ್ವ ಮುಂತಾದವೆಲ್ಲ ಸ್ವತಂತ್ರ ಅಪರಾಧಗಳಾದವು. ಇಲ್ಲಿನ ಅಪರಾಧಶಾಸ್ತ್ರಜ್ಞರು ಇದನ್ನು ‘ಪ್ರೀ-ಕ್ರೈಮ್’ ಎಂದು ಕರೆದು ಒಂದು ಎಚ್ಚರಿಕೆ ಕೊಟ್ಟಿದ್ದಾರೆ: ಕೃತ್ಯವೇ ನಡೆಯದಿರುವಾಗ ತೂಗಲು ಉಳಿಯುವುದು ಸಂಶಯ ಮಾತ್ರ, ಮತ್ತು ಸಂಶಯ ಎಲ್ಲರ ಮೇಲೂ ಒಂದೇ ಪ್ರಮಾಣದಲ್ಲಿ ಬೀಳುವುದಿಲ್ಲ. ಈ ಎಚ್ಚರಿಕೆಯ ಅರ್ಥವನ್ನು ತಿಳಿಯಲು ಕನ್ನಡಿಗರು ದೂರ ಹೋಗಬೇಕಾಗಿಲ್ಲ. ಮೂಡಿಗೆರೆಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ವೈದ್ಯಕೀಯ ಓದಿದ ಡಾ. ಮೊಹಮ್ಮದ್ ಹನೀಫ್ ಅವರ ಪ್ರಕರಣವನ್ನು ನೋಡಿದರೆ ಸಾಕು.

2007ರ ಜೂನ್ 30ರಂದು ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಮಾನ ನಿಲ್ದಾಣಕ್ಕೆ ಇಬ್ಬರು ಉರಿಯುವ ಜೀಪನ್ನು ನುಗ್ಗಿಸಿದರು. ಅವರಲ್ಲಿ ಒಬ್ಬ ಬೆಂಗಳೂರಿನ ಎಂಜಿನಿಯರ್ ಕಫೀಲ್ ಅಹ್ಮದ್. ಸುಟ್ಟಗಾಯಗಳಿಂದ ಆತ ಆಗಸ್ಟ್‌ನಲ್ಲಿ ಸತ್ತ. ಹನೀಫ್ ಅವನ ದೂರದ ಸಂಬಂಧಿ. ಆಗ ಅವರು ಕ್ವೀನ್ಸ್‌ಲ್ಯಾಂಡಿನ ಗೋಲ್ಡ್ ಕೋಸ್ಟ್ ಆಸ್ಪತ್ರೆಯಲ್ಲಿ 457 ಎಂಬ ತಾತ್ಕಾಲಿಕ ಕೆಲಸದ ವೀಸಾದ ಮೇಲೆ ಕೆಲಸ ಮಾಡುತ್ತಿದ್ದರು. ಹಿಂದಿನ ವರ್ಷ ಬ್ರಿಟನ್ ಬಿಡುವಾಗ ತಮ್ಮ ಮೊಬೈಲ್ ಸಿಮ್ ಕಾರ್ಡನ್ನು ಕಫೀಲ್‌ನ ಸಹೋದರನಿಗೆ ಕೊಟ್ಟು ಬಂದಿದ್ದರು. ಪ್ಲಾನ್‌ನಲ್ಲಿ ಉಳಿದ ನಿಮಿಷಗಳು ವ್ಯರ್ಥವಾಗುವುದೇಕೆ ಎಂದು ನಮ್ಮಲ್ಲಿ ಯಾರು ಬೇಕಾದರೂ ಮಾಡುವ ಕೆಲಸ ಅದು. ಬ್ರಿಟಿಷ್ ಪೊಲೀಸರು ಆ ಸಿಮ್ ಬಗ್ಗೆ ವಿಚಾರಿಸುತ್ತಿದ್ದಾರೆಂದು ತಿಳಿದಾಗ ಅವರು ತಾವಾಗಿಯೇ ಅಲ್ಲಿನ ಅಧಿಕಾರಿಗೆ ಹಲವು ಬಾರಿ ಫೋನ್ ಮಾಡಿದರು, ಸಂಪರ್ಕ ಸಿಗಲಿಲ್ಲ. ಜುಲೈ 2ರಂದು ಆಗಷ್ಟೇ ಹುಟ್ಟಿದ ಮಗಳನ್ನು ನೋಡಲು ಬೆಂಗಳೂರಿಗೆ ಹೊರಟಾಗ ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಬಂಧನವಾಯಿತು. ಕೈಯಲ್ಲಿದ್ದದ್ದು ಹೋಗುವ ಟಿಕೆಟ್ ಮಾತ್ರ. ಅದೂ ಸಂಶಯಕ್ಕೆ ಇನ್ನೊಂದು ಕಾರಣವಾಯಿತು.

ಮುಂದಿನ ಹನ್ನೆರಡು ದಿನ ಅವರ ಮೇಲೆ ಯಾವ ಆರೋಪವೂ ಇರಲಿಲ್ಲ, ಆದರೂ ಬಂಧನದಲ್ಲಿದ್ದರು. ಇದು ಸಾಧ್ಯವಾದದ್ದು ಹೀಗೆ. ಭಯೋತ್ಪಾದನೆಯ ತನಿಖೆಯಲ್ಲಿ ಪೊಲೀಸರು ಮ್ಯಾಜಿಸ್ಟ್ರೇಟರ ಅನುಮತಿ ಪಡೆದು ಒಟ್ಟು 24 ಗಂಟೆ ಪ್ರಶ್ನಿಸಬಹುದು. ಆದರೆ ನಿದ್ದೆ, ಊಟ, ವಕೀಲರ ಜೊತೆಗಿನ ಮಾತುಕತೆ, ವಿದೇಶದಿಂದ ಮಾಹಿತಿ ಬರುವವರೆಗಿನ ಕಾಯುವಿಕೆ ಇವೆಲ್ಲ ‘ಡೆಡ್ ಟೈಮ್’. ಆ ಹೊತ್ತು ಲೆಕ್ಕಕ್ಕೆ ಸೇರುವುದಿಲ್ಲ. ಆಗ ಆ ಕಾಯುವಿಕೆಗೆ ಮಿತಿಯೇ ಇರಲಿಲ್ಲ. ಈ ಪ್ರಕರಣದ ನಂತರ 2010ರ ತಿದ್ದುಪಡಿ ಅದನ್ನು ಏಳು ದಿನಗಳಿಗೆ ಕಟ್ಟಿಹಾಕಿತು. ಏಳು ದಿನವೂ ಕಡಿಮೆಯಲ್ಲ.

ಜುಲೈ 14ರಂದು ಆರೋಪ ಹೊರಿಸಿದರು: ಭಯೋತ್ಪಾದಕ ಸಂಘಟನೆಗೆ ಅಜಾಗರೂಕತೆಯಿಂದ ನೆರವು, ಗರಿಷ್ಠ ಶಿಕ್ಷೆ 15 ವರ್ಷ. ನೆರವು ಎಂದರೆ ಆ ಸಿಮ್. ಸಿಮ್ ಗ್ಲಾಸ್ಗೋದ ಜೀಪಿನಲ್ಲೇ ಸಿಕ್ಕಿತೆಂದು ಸರ್ಕಾರಿ ವಕೀಲರು ಕೋರ್ಟಿಗೆ ಹೇಳಿದರು. ಅದು ನಿಜವಾಗಿ ಸಿಕ್ಕಿದ್ದು ಲಿವರ್‌ಪೂಲ್‌ನಲ್ಲಿ, ಕಫೀಲ್‌ನ ಸಹೋದರನ ಬಳಿ. ಒಂದು ವಾರದೊಳಗೆ ಪತ್ರಕರ್ತರು ಇದನ್ನು ಬಯಲಿಗೆ ತಂದರು. ಆ ಸಹೋದರನಿಗೂ ದಾಳಿಯ ಮುಂಚಿತ ಅರಿವು ಇರಲಿಲ್ಲವೆಂದು ಬ್ರಿಟನ್ನಿನ ನ್ಯಾಯಾಲಯ ಮುಂದೆ ಒಪ್ಪಿಕೊಂಡಿತು. ಅವನಿಗೆ ಶಿಕ್ಷೆಯಾದದ್ದು ದಾಳಿಯ ನಂತರ ಮಾಹಿತಿ ಮುಚ್ಚಿಟ್ಟದ್ದಕ್ಕೆ.

ಈ ಪ್ರಕರಣದಲ್ಲಿ ನನ್ನನ್ನು ಅತ್ಯಂತ ಕಾಡುವ ದಿನ ಜುಲೈ 16. ಭಯೋತ್ಪಾದನೆಯ ಆರೋಪಕ್ಕೆ ಜಾಮೀನು ಸಿಗಬೇಕಾದರೆ ಅಸಾಧಾರಣ ಕಾರಣಗಳಿರಬೇಕು ಎನ್ನುತ್ತದೆ ಕಾನೂನು. ಸಾಕ್ಷ್ಯ ಎಷ್ಟು ತೆಳುವಾಗಿದೆ ಎಂದು ನೋಡಿದ ಮ್ಯಾಜಿಸ್ಟ್ರೇಟ್ ಜಾಕಿ ಪೇನ್ 10,000 ಡಾಲರ್ ಭದ್ರತೆಯ ಮೇಲೆ ಜಾಮೀನು ಕೊಟ್ಟರು. ಕೆಲವೇ ಗಂಟೆಗಳಲ್ಲಿ ವಲಸೆ ಸಚಿವ ಕೆವಿನ್ ಆಂಡ್ರ್ಯೂಸ್ ಹನೀಫ್ ಅವರ ವೀಸಾವನ್ನೇ ರದ್ದು ಮಾಡಿದರು. ಜಾಮೀನಿನ ಮೇಲೆ ಹೊರಬಂದರೂ ಕಾಲಿಡುವುದು ವಲಸೆ ಬಂಧನ ಕೇಂದ್ರಕ್ಕೆ! ಒಂದು ಬಾಗಿಲನ್ನು ನ್ಯಾಯಾಲಯ ತೆರೆಯಿತು, ಇನ್ನೊಂದನ್ನು ಸರ್ಕಾರ ಮುಚ್ಚಿತು. ಈ ದೇಶದ ಪೌರನಿಗೆ ಇಂಥದ್ದನ್ನು ಮಾಡಲು ಆಗುತ್ತಿರಲಿಲ್ಲ. ವೀಸಾದ ಮೇಲಿರುವ ನಮ್ಮ ವಿಚಾರದಲ್ಲಿ ಕ್ರಿಮಿನಲ್ ಕಾನೂನಿನ ಪಕ್ಕದಲ್ಲೇ ವಲಸೆ ಕಾನೂನು ಸಾಗುತ್ತಿರುತ್ತದೆ, ಮತ್ತು ಅದಕ್ಕೆ ಬೇಕಾದ ಪುರಾವೆ ಬಹಳ ಕಡಿಮೆ. ಇಲ್ಲಿ ನೆಲೆಸುವ ಪ್ರತಿಯೊಬ್ಬ ಕನ್ನಡಿಗನೂ ಅರಿಯಬೇಕಾದ ವಿಷಯ ಯಾವುದಾದರೂ ಇದ್ದರೆ ಅದು ಇದೇ.

ಆದರೆ ಈ ವ್ಯವಸ್ಥೆಗೆ ತನ್ನನ್ನು ತಾನೇ ತಿದ್ದಿಕೊಳ್ಳುವ ಶಕ್ತಿಯೂ ಇತ್ತು. ಹನೀಫ್ ಪರ ಬ್ಯಾರಿಸ್ಟರ್ ಸ್ಟೀಫನ್ ಕೈಮ್ ಪೊಲೀಸ್ ವಿಚಾರಣೆಯ ಪೂರ್ತಿ ಬರಹವನ್ನು ಪತ್ರಿಕೆಗೆ ಕೊಟ್ಟರು. ಅದಕ್ಕೆ ಮುಂಚೆ ಮಾಧ್ಯಮಗಳಿಗೆ ಸೋರಿಕೆಯಾದ ತುಣುಕುಗಳಿಗೂ ನಿಜವಾದ ಮಾತುಕತೆಗೂ ಇರುವ ಅಂತರವನ್ನು ದೇಶವೇ ಓದಿತು. ಜುಲೈ 27ರಂದು ಪ್ರಾಸಿಕ್ಯೂಷನ್ ಮುಖ್ಯಸ್ಥರು ಆರೋಪವನ್ನು ಹಿಂದಕ್ಕೆ ಪಡೆದರು. ಆಗಸ್ಟ್‌ನಲ್ಲಿ ಫೆಡರಲ್ ಕೋರ್ಟಿನ ನ್ಯಾಯಮೂರ್ತಿ ಸ್ಪೆಂಡರ್ ವೀಸಾ ರದ್ದತಿಯನ್ನು ತಳ್ಳಿಹಾಕಿದರು. ಬರೀ ಬಂಧುತ್ವ ಅಥವಾ ಪರಿಚಯ ಸಾಲದು, ಆ ಒಡನಾಟದಲ್ಲಿ ಅಪರಾಧಕ್ಕೆ ಸಹಾನುಭೂತಿ ಅಥವಾ ಬೆಂಬಲ ಇರಬೇಕು ಎಂಬ ನಿಲುವನ್ನು ಡಿಸೆಂಬರ್‌ನಲ್ಲಿ ಪೂರ್ಣಪೀಠವೂ ಎತ್ತಿಹಿಡಿಯಿತು. ನಿವೃತ್ತ ನ್ಯಾಯಮೂರ್ತಿ ಜಾನ್ ಕ್ಲಾರ್ಕ್ ಅವರ 2008ರ ವಿಚಾರಣಾ ವರದಿ ಹನೀಫ್ ಅವರ ಮೇಲೆ ಆರೋಪ ಹೊರಿಸಿದ್ದೇ ತಪ್ಪು ಎಂದಿತು. 2010ರ ಡಿಸೆಂಬರ್‌ನಲ್ಲಿ ಸರ್ಕಾರ ಪರಿಹಾರವನ್ನೂ ಕೊಟ್ಟಿತು. ಅದೇ ವರ್ಷದ ಕಾಯ್ದೆಯಿಂದ ರಾಷ್ಟ್ರೀಯ ಭದ್ರತಾ ಕಾನೂನುಗಳ ಸ್ವತಂತ್ರ ಪರಿಶೀಲಕರ ಹುದ್ದೆಯೂ ಹುಟ್ಟಿತು. ಆ ಪರಿಶೀಲಕರ ವರದಿಗಳು ಸಾರ್ವಜನಿಕರಿಗೆ ಲಭ್ಯ; ಓದುವಂತಿವೆ.

ಆದರೆ ನಿರಾಳವಾಗಿ ಕೂರುವಂತಿಲ್ಲ. 2014ರಲ್ಲಿ ವಲಸೆ ಕಾಯ್ದೆಯ 501ನೇ ಕಲಂ, ಅಂದರೆ ವೀಸಾದಾರರ ನಡತೆಯನ್ನು ಅಳೆಯುವ ಕ್ಯಾರೆಕ್ಟರ್ ಟೆಸ್ಟ್, ಮತ್ತಷ್ಟು ಬಿಗಿಯಾಯಿತು. ಅಪರಾಧದಲ್ಲಿ ತೊಡಗಿದ ಗುಂಪಿನೊಂದಿಗೆ ಅಥವಾ ವ್ಯಕ್ತಿಯೊಂದಿಗೆ ಒಡನಾಟವಿದೆ ಎಂದು ಸಚಿವರಿಗೆ ಸಮಂಜಸ ಸಂಶಯ ಬಂದರೆ ಸಾಕು, ವೀಸಾ ರದ್ದಾಗಬಹುದು. ಹಾಗಾಗಿ ಕೆಲವು ಅಭ್ಯಾಸಗಳನ್ನು ಈಗಲೇ ಬಿಡುವುದು ಒಳ್ಳೆಯದು. ದೇಶ ಬಿಡುವಾಗ ನಿಮ್ಮ ಹೆಸರಿನ ಸಿಮ್, ಬ್ಯಾಂಕ್ ಖಾತೆ, ಬಾಡಿಗೆ ಕರಾರು ಇವುಗಳನ್ನು ಸ್ನೇಹಿತರ ಕೈಗೆ ಕೊಟ್ಟು ಹೋಗಬೇಡಿ. ರದ್ದು ಮಾಡಿ ಅಥವಾ ಅವರ ಹೆಸರಿಗೆ ವರ್ಗಾಯಿಸಿ, ದಾಖಲೆ ಇಟ್ಟುಕೊಳ್ಳಿ. ದೂರದ ದೇಶದ ನೆರವಿಗೆ ಹಣ ಕಳಿಸುವಾಗ ಸಂಸ್ಥೆ ಇಲ್ಲಿ ನೋಂದಾಯಿತವೇ ಎಂದು ನೋಡಿ. ಸರ್ಕಾರ ಪಟ್ಟಿ ಮಾಡಿದ ಭಯೋತ್ಪಾದಕ ಸಂಘಟನೆಗೆ ಹಣ ಸಂದರೆ ಕರುಣೆಯಿಂದ ಕೊಟ್ಟೆ ಎಂಬ ಮಾತು ಸುಲಭದ ರಕ್ಷಣೆಯಾಗುವುದಿಲ್ಲ.

ಪೊಲೀಸರು ಪ್ರಶ್ನಿಸಲು ಕರೆದೊಯ್ದರೆ? ನಮ್ಮವರು ಸಾಮಾನ್ಯವಾಗಿ ಮಾಡುವುದು ಒಂದೇ: ತಪ್ಪು ಮಾಡಿಲ್ಲವಲ್ಲ, ವಕೀಲರೇಕೆ ಎಂದು ಎಲ್ಲವನ್ನೂ ಹೇಳಿಬಿಡುವುದು. ಹನೀಫ್ ಕೂಡ ಮೊದಲ ದೀರ್ಘ ವಿಚಾರಣೆಯನ್ನು ವಕೀಲರಿಲ್ಲದೆ ಎದುರಿಸಿದ್ದರು. ವಕೀಲರನ್ನು ಕೇಳುವುದನ್ನು ಇಲ್ಲಿ ಯಾರೂ ತಪ್ಪೊಪ್ಪಿಗೆಯೆಂದು ತಿಳಿಯುವುದಿಲ್ಲ. ಬಂಧಿತರಿಗೆ ಮೌನವಾಗಿರುವ ಹಕ್ಕಿದೆ. ವಕೀಲರಿಗೂ ಒಬ್ಬ ಬಂಧುವಿಗೂ ತಿಳಿಸುವ ಹಕ್ಕು, ದುಭಾಷಿಯ ಹಕ್ಕು, ಭಾರತೀಯ ಪಾಸ್‌ಪೋರ್ಟ್ ಇರುವವರಿಗೆ ಕಾನ್ಸುಲೇಟ್ ಸಂಪರ್ಕಿಸುವ ಹಕ್ಕು ಕೂಡ ಕ್ರೈಮ್ಸ್ ಕಾಯ್ದೆಯಲ್ಲೇ ಇವೆ. ಇಂಗ್ಲಿಷ್ ಚೆನ್ನಾಗಿ ಬಂದರೂ ದುಭಾಷಿಯನ್ನು ಕೇಳಲು ಸಂಕೋಚ ಬೇಡ. ಒತ್ತಡದಲ್ಲಿ ಆಡಿದ ಒಂದು ತಪ್ಪು ಕ್ರಿಯಾಪದ ಬರಹಕ್ಕಿಳಿದ ಮೇಲೆ ಬೇರೆಯೇ ರೂಪ ತಾಳುತ್ತದೆ. ಮಕ್ಕಳನ್ನು ನೋಡಲು ಬಂದಿರುವ ತಂದೆತಾಯಿಯರ ವಿಷಯದಲ್ಲಂತೂ ಇದು ಕಡ್ಡಾಯವೆಂದೇ ತಿಳಿಯಿರಿ. ವಿಮಾನ ನಿಲ್ದಾಣದಲ್ಲಿ ನಿಯಮ ಸ್ವಲ್ಪ ಬೇರೆ: ಭಯೋತ್ಪಾದನೆಯ ಸಂಶಯದ ಮೇಲೆ ತಡೆದ ಪೊಲೀಸರಿಗೆ ಹೆಸರು, ವಿಳಾಸ, ಅಲ್ಲಿರುವ ಕಾರಣ ಹೇಳಲೇಬೇಕು. ಗಡಿ ಅಧಿಕಾರಿಗಳು ಫೋನ್ ಪರೀಕ್ಷಿಸಬಹುದು. ಪಾಸ್‌ಕೋಡ್ ಕೊಡದಿದ್ದರೆ ಫೋನನ್ನು ಇಟ್ಟುಕೊಳ್ಳಬಹುದು.

ಇಷ್ಟೆಲ್ಲ ಓದಿದ ಮೇಲೆ ಪೊಲೀಸರಿಂದ ದೂರವಿರುವುದೇ ಲೇಸು ಎಂದು ಅನಿಸಬಹುದು. ಅದನ್ನು ನಾನು ಒಪ್ಪುವುದಿಲ್ಲ. ಬ್ರಿಟನ್ನಿನಲ್ಲಿ ಐರಿಷ್ ಜನರ ಅನುಭವವನ್ನು ಅಧ್ಯಯನ ಮಾಡಿದ ಪ್ಯಾಡಿ ಹಿಲ್ಯಾರ್ಡ್, ಇಡೀ ಸಮುದಾಯವನ್ನೇ ಸಂಶಯದ ಪಟ್ಟಿಗೆ ಸೇರಿಸಿದರೆ ಏನಾಗುತ್ತದೆ ಎಂದು ತೋರಿಸಿಕೊಟ್ಟರು. 1974ರ ಬರ್ಮಿಂಗ್‌ಹ್ಯಾಮ್ ಬಾಂಬ್ ಸ್ಫೋಟಗಳಲ್ಲಿ 21 ಜನ ಸತ್ತ ಸಿಟ್ಟಿನಲ್ಲಿ ಆರು ನಿರಪರಾಧಿ ಐರಿಷರನ್ನು ಜೈಲಿಗೆ ತಳ್ಳಿದರು. ಅವರು ಹೊರಬಂದದ್ದು 1991ರಲ್ಲಿ. ಆಸ್ಟ್ರೇಲಿಯಾದ ಮುಸ್ಲಿಮರ ನಡುವೆ ಸಂಶೋಧಕರಾದ ಕ್ರಿಸ್ಟಿನಾ ಮರ್ಫಿ, ಏಡ್ರಿಯನ್ ಚರ್ನಿ ಮುಂತಾದವರು ನಡೆಸಿದ ಅಧ್ಯಯನಗಳು ಇದರ ಇನ್ನೊಂದು ಮಗ್ಗುಲನ್ನು ಕಾಣಿಸುತ್ತವೆ: ಪೊಲೀಸರು ತಮ್ಮನ್ನು ಗೌರವದಿಂದ, ನಿಷ್ಪಕ್ಷಪಾತವಾಗಿ ನಡೆಸಿಕೊಳ್ಳುತ್ತಾರೆ ಎಂಬ ನಂಬಿಕೆ ಇದ್ದಲ್ಲಿ ಜನ ಮಾಹಿತಿ ಕೊಡಲು ಹೆಚ್ಚು ಸಿದ್ಧರಿರುತ್ತಾರೆ. ಅಂದರೆ ನ್ಯಾಯವಾದ ನಡವಳಿಕೆ ಭದ್ರತೆಯ ಸಾಧನವೂ ಹೌದು. ನಮ್ಮ ಸಂಘಗಳಲ್ಲಿ ‘ಅದು ಅವರ ಸಮಸ್ಯೆ, ನಾವು ಹಿಂದೂಗಳು’ ಎಂದು ಮುಸ್ಲಿಂ ಕನ್ನಡಿಗರಿಂದ ದೂರ ಸರಿಯುವವರನ್ನು ಕಂಡಾಗ ನನಗೆ ನೋವಾಗುತ್ತದೆ. ಹನೀಫ್ ಚಿಕ್ಕಮಗಳೂರು ಜಿಲ್ಲೆಯವರು. ಅವರ ಮೇಲೆ ಪ್ರಯೋಗವಾದ 501ನೇ ಕಲಂ ಎಲ್ಲ ವೀಸಾದಾರರಿಗೂ ಒಂದೇ.

ರಾಜ್ಯೋತ್ಸವ, ಯುಗಾದಿ ಕಾರ್ಯಕ್ರಮ ನಡೆಸುವವರಿಗೆ ಒಂದು ಮಾತು. ದಾಳಿಕೋರನ ಮನಸ್ಸನ್ನು ಬದಲಿಸಲಾಗದಿದ್ದರೂ ದಾಳಿಯನ್ನು ಕಷ್ಟವಾಗಿಸಬಹುದು ಎಂಬ ಅಪರಾಧಶಾಸ್ತ್ರದ ವಾದವನ್ನು ಈ ದೇಶ 2017ರಿಂದ ಜನದಟ್ಟಣೆಯ ಸ್ಥಳಗಳ ರಕ್ಷಣೆಯ ಕಾರ್ಯನೀತಿಯಾಗಿ ಅಳವಡಿಸಿಕೊಂಡಿದೆ. ಸಭಾಂಗಣದ ತುರ್ತು ಬಾಗಿಲುಗಳ ಮುಂದೆ ಊಟದ ಮೇಜು ಇಡಬೇಡಿ, ವಾಹನಗಳು ಬಾಗಿಲ ಬಳಿ ಬರದಂತೆ ನೋಡಿಕೊಳ್ಳಿ, ಸ್ವಯಂಸೇವಕರಲ್ಲಿ ತುರ್ತಿನ ಹೊಣೆ ಯಾರದೆಂದು ಮೊದಲೇ ಹಂಚಿರಿ, ದೊಡ್ಡ ಸಭೆಯಾದರೆ ಸ್ಥಳೀಯ ಠಾಣೆಗೆ ತಿಳಿಸಿ. ದೇಶದ ಬೆದರಿಕೆಯ ಮಟ್ಟಕ್ಕೆ ಐದು ಹಂತಗಳಿವೆ. 2024ರ ಆಗಸ್ಟ್‌ನಲ್ಲಿ ಅದನ್ನು ಎರಡನೆಯ ಹಂತದಿಂದ ಮೂರನೆಯದಕ್ಕೆ ಏರಿಸಿದರು. ಕಾರ್ಯಕ್ರಮಕ್ಕೆ ಮುಂಚೆ ಆಗಿನ ಮಟ್ಟವನ್ನು ಸರ್ಕಾರಿ ಜಾಲತಾಣದಲ್ಲಿ ನೋಡಿಕೊಳ್ಳಿ.

ಅನುಮಾನಾಸ್ಪದವಾದದ್ದು ಕಂಡರೆ ರಾಷ್ಟ್ರೀಯ ಭದ್ರತಾ ಸಹಾಯವಾಣಿ 1800 123 400ಕ್ಕೆ ಕರೆ ಮಾಡಿ. ಜೀವಕ್ಕೆ ಅಪಾಯವಿದ್ದರೆ 000. ಗಡ್ಡ, ಉಡುಪು, ಭಾಷೆ ಅನುಮಾನಕ್ಕೆ ಕಾರಣಗಳಲ್ಲ. ನಡವಳಿಕೆಯನ್ನು ವರದಿ ಮಾಡಿ. ದುಭಾಷಿ ಸೇವೆಯ ಸಂಖ್ಯೆ 131 450. ಫೆಡರಲ್ ಪೊಲೀಸರ ವಿರುದ್ಧ ದೂರು ಕಾಮನ್‌ವೆಲ್ತ್ ಒಂಬುಡ್ಸ್‌ಮನ್‌ಗೆ, ಗುಪ್ತಚರ ಸಂಸ್ಥೆ ಏಸಿಯೋ ವಿರುದ್ಧ ಗುಪ್ತಚರ ಮತ್ತು ಭದ್ರತೆಯ ಇನ್‌ಸ್ಪೆಕ್ಟರ್-ಜನರಲ್ ಕಚೇರಿಗೆ ಹೋಗುತ್ತದೆ. ವಕೀಲರಿಗೆ ಹಣವಿಲ್ಲದಿದ್ದರೆ ನಿಮ್ಮ ರಾಜ್ಯದ ಲೀಗಲ್ ಏಡ್ ಇದೆ. ಅದರ ಸಂಖ್ಯೆಯನ್ನು ಮನೆಯವರ ಫೋನಿನಲ್ಲೂ ಉಳಿಸಿಡಿ, ಏಕೆಂದರೆ ಬಂಧನವಾದಾಗ ನಿಮ್ಮ ಫೋನ್ ನಿಮ್ಮ ಕೈಯಲ್ಲಿರುವುದಿಲ್ಲ.