ಸೀಮೆಸುಣ್ಣದ ನೆಲ, ಗುಳ್ಳೆ ವೈನ್: ಬ್ಲಾಂ ದ ಬ್ಲಾಂಗೆ ದ್ರಾಕ್ಷಿ ಬೆಳೆಯೋದು ಹೇಗೆ

ಬ್ಲಾಂ ದ ಬ್ಲಾಂ ಅಂದ್ರೆ ಬರೀ ಬಿಳಿ ದ್ರಾಕ್ಷಿಯಿಂದ ಮಾಡೋ ಗುಳ್ಳೆ ವೈನ್. ಅದಕ್ಕೆ ಮೊದಲು ಮಣ್ಣು ನೋಡ್ಬೇಕು. ಫ್ರಾನ್ಸಿನ ಶಾಂಪೇನ್ ಸೀಮೇಲಿ ಎಪೆರ್ನೇ ಊರಿನ ದಕ್ಷಿಣಕ್ಕೆ ಕೋತ್ ದೆ ಬ್ಲಾಂ ಅಂತ ಇಳಿಜಾರಿದೆ, ಮೇಲೆ ತೆಳು ಮಣ್ಣು, ಕೆಳಗೆಲ್ಲಾ ಸೀಮೆಸುಣ್ಣ, ಅದು ಸ್ಪಂಜ್ ಥರ ಒಂದು ಘನ ಮೀಟರಿಗೆ 300-400 ಲೀಟರ್ ನೀರು ಹಿಡಿದಿಟ್ಕೊಂಡು ಬೇಸಿಗೇಲಿ ಬೇರಿಗೆ ನಿಧಾನಕ್ಕೆ ಕೊಡುತ್ತೆ, ಆದ್ರೆ ಜಾಸ್ತಿ ಮಳೆ ಬಿದ್ರೆ ಬಸಿದೂ ಹೋಗುತ್ತೆ. ಅಲ್ಲಿ ಹಾಕೋದು ಬಹುತೇಕ ಶಾರ್ಡನೇ ಅನ್ನೋ ಬಿಳಿ ದ್ರಾಕ್ಷಿ ತಳಿ. ಚಳಿಗಾಲದಲ್ಲಿ ಚಾಟ್ನಿ ಮಾಡುವಾಗ, ಅಂದ್ರೆ ಬಳ್ಳಿ ಕತ್ತರಿಸುವಾಗ, ಕರುಣೆ ತೋರಿಸ್ಬೇಡಿ, ಗೊಂಚಲು ಜಾಸ್ತಿ ಬಿಟ್ರೆ ರುಚಿ ನೀರುನೀರು. ಸಕ್ಕರೆ ಪೂರ್ತಿ ತುಂಬ್ಲಿ ಅಂತ ಕಾಯೋದೂ ಬೇಡ, ಹುಳಿ ಇರುವಾಗ್ಲೇ ಕೊಯ್ಯಿರಿ, ಈ ವೈನಿನ ಜೀವ ಇರೋದೇ ಅದ್ರಲ್ಲಿ. ಕೊಯ್ಲು ಕೈಯಲ್ಲೇ, ಮೆಷಿನ್‌ಗೆ ಅಲ್ಲಿ ಪರ್ಮಿಷನ್ನೇ ಇಲ್ಲ! 4000 ಕೆಜಿ ಹಣ್ಣಿಗೆ 2550 ಲೀಟರ್ ರಸ, ಅಷ್ಟೇ. ಆಮೇಲೆ ರಸ ಒಂದ್ಸಲ ಹುದುಗಿ ವೈನ್ ಆದ್ಮೇಲೆ, ಗುಳ್ಳೆ ಬರ್ಲಿ ಅಂತ ಬಾಟಲಲ್ಲೇ ಎರಡನೇ ಸಲ ಹುದುಗಿಸಿ, ಕನಿಷ್ಠ 15 ತಿಂಗಳು ನೆಲಮಾಳಿಗೇಲಿ ಬಿಡೋದು.