ಕ್ಯೋಟೊ ನೋಡುವ ಕ್ರಮ: ಮೊದಲು ತಿಂಗಳು, ಆಮೇಲೆ ದೇಗುಲ

ಜಪಾನಿನ ಕ್ಯೋಟೊಗೆ ಹೊರಡುವವರು ಬಹುಮಟ್ಟಿಗೆ ನೋಡಬೇಕಾದ ಸ್ಥಳಗಳ ಪಟ್ಟಿಯಿಂದ ಆರಂಭಿಸುತ್ತಾರೆ. ಚಿನ್ನದ ರೇಕು ಹೊದ್ದ ಕಿನ್‌ಕಾಕು-ಜಿ, ಕೇಸರಿಗೆಂಪು ತೋರಿ ದ್ವಾರಗಳ ಸಾಲು ಹತ್ತುವ ಫುಶಿಮಿ ಇನಾರಿ ಬೆಟ್ಟ, ಅರಾಶಿಯಾಮದ ಬಿದಿರು ತೋಪು, ನಿಜೊ ಕೋಟೆ ಎಂದು ಬರೆದುಕೊಂಡು, ಅಗ್ಗದಲ್ಲಿ ಸಿಕ್ಕ ದಿನಕ್ಕೆ ವಿಮಾನದ ಟಿಕೆಟ್ ಕಾಯ್ದಿರಿಸಿ, ಹೋದ ಮೇಲೆ ಏನು ನಡೆಯುತ್ತಿದೆಯೋ ನೋಡೋಣವೆಂದು ಹೊರಡುತ್ತಾರೆ. ಈ ಕ್ರಮ ತಲೆಕೆಳಗಾದುದು. 794ರಿಂದ ಸಾವಿರಕ್ಕೂ ಹೆಚ್ಚು ವರ್ಷ ಚಕ್ರವರ್ತಿಗಳ ರಾಜಧಾನಿಯಾಗಿದ್ದ ಈ ನಗರದಲ್ಲಿ ಕಟ್ಟಡಗಳು ವರ್ಷವಿಡೀ ಅಲ್ಲೇ ಇರುತ್ತವೆ. ಅವುಗಳ ಸುತ್ತಲಿನ ಮರ, ಬೆಳಕು, ಜನಜಂಗುಳಿ ಮತ್ತು ಬೀದಿಗಿಳಿಯುವ ಉತ್ಸವ ಮಾತ್ರ ತಿಂಗಳಿಂದ ತಿಂಗಳಿಗೆ ಬೇರೆಯಾಗುತ್ತವೆ. ಆದ್ದರಿಂದ ಮೊದಲು ತಿಂಗಳನ್ನು ಆರಿಸಿಕೊಂಡು, ಆ ತಿಂಗಳಿನಲ್ಲಿ ಒಂದೇ ಒಂದು ಉತ್ಸವವನ್ನು ಗಟ್ಟಿ ಮಾಡಿಕೊಂಡು, ಉಳಿದ ದಿನಗಳನ್ನು ಅದರ ಸುತ್ತ ಹೊಂದಿಸುವುದು ಜಾಣತನ.

ಹೆಜ್ಜೆ 1: ತಿಂಗಳನ್ನು ಆರಿಸಿ

ಕ್ಯೋಟೊ ಉತ್ತರ, ಪೂರ್ವ ಮತ್ತು ಪಶ್ಚಿಮಗಳಲ್ಲಿ ಬೆಟ್ಟಗಳು ಸುತ್ತುವರಿದ ತಗ್ಗಿನಲ್ಲಿದೆ. ಗಾಳಿಯಾಡದ ಕಾರಣ ಜುಲೈ, ಆಗಸ್ಟ್ ತಿಂಗಳ ಸೆಕೆ ಬೆವರಿಳಿಸುತ್ತದೆ. ಜನವರಿ, ಫೆಬ್ರವರಿಯ ಚಳಿ ದೇಗುಲಗಳ ಮರದ ನೆಲದಿಂದ ಅಂಗಾಲಿಗೇರುತ್ತದೆ. ಜೂನ್ ಆರಂಭದಿಂದ ಜುಲೈ ನಡುಭಾಗ ಕಳೆಯುವವರೆಗೆ ಮಳೆಗಾಲ.

ಚೆರ್ರಿ ಹೂವಿಗಾಗಿ ಹೋಗುವವರು ಮಾರ್ಚ್ ಕೊನೆಯ ವಾರದಿಂದ ಏಪ್ರಿಲ್ ಹತ್ತರೊಳಗಿನ ದಿನಗಳನ್ನು ಇಟ್ಟುಕೊಳ್ಳಬೇಕು. ಇಲ್ಲಿನ ಹೂವಿನ ದಿನಾಂಕಗಳ ದಾಖಲೆ ಒಂಬತ್ತನೆಯ ಶತಮಾನದಿಂದ ಸಿಗುತ್ತದೆ. ಆಸ್ಥಾನದವರ ಮತ್ತು ಸನ್ಯಾಸಿಗಳ ದಿನಚರಿಗಳಿಂದ ಸಂಶೋಧಕರು ಅದನ್ನು ಒಟ್ಟುಗೂಡಿಸಿದ್ದಾರೆ. ಆ ದಾಖಲೆಯಲ್ಲಿ ಅದುವರೆಗೆ ಅತಿ ಬೇಗ ಹೂವು ತುಂಬಿ ಅರಳಿದ್ದು 2021ರ ಮಾರ್ಚ್ 26ರಂದು. ಭೂಮಿಯ ಬಿಸಿಯೇರಿಕೆಯ ಜೊತೆಗೆ ನಗರದ ಕಾವೂ ಹೂವನ್ನು ಬೇಗ ಅರಳಿಸುತ್ತಿರುವುದರಿಂದ, ಹತ್ತು ವರ್ಷ ಹಿಂದಿನ ಪ್ರವಾಸ ಪುಸ್ತಕದ ದಿನಾಂಕವನ್ನು ನಂಬಿಕೊಳ್ಳುವಂತಿಲ್ಲ. ಎಲ್ಲೆಡೆ ಕಾಣುವ ತಳಿಯ ಹೂವು ತುಂಬಿ ಅರಳಿ ಸುಮಾರು ಒಂದು ವಾರ ನಿಲ್ಲುತ್ತದೆ, ಮಳೆ ಬಿದ್ದರೆ ಅಷ್ಟೂ ಇಲ್ಲ. ದಿನ ತಪ್ಪಿತೆಂದು ಕೈಚೆಲ್ಲಬೇಕಾಗಿಲ್ಲ: ನಿನ್ನಾ-ಜಿ ಮಂದಿರದ ಗಿಡ್ಡ ಒಮುರೊ ಚೆರ್ರಿಗಳು ಉಳಿದೆಲ್ಲ ಕಡೆ ದಳ ಉದುರಿದ ಮೇಲೆ, ಏಪ್ರಿಲ್ ನಡುಭಾಗದಲ್ಲಿ ಅರಳುತ್ತವೆ.

ಮೇಪಲ್ ಎಲೆ ಕೆಂಪಾಗುವುದು ನವೆಂಬರ್ ನಡುಭಾಗದಿಂದ ಡಿಸೆಂಬರ್ ಮೊದಲ ವಾರದವರೆಗೆ. ಬಣ್ಣ ಬೆಟ್ಟದಿಂದ ಕೆಳಗಿಳಿಯುತ್ತದೆ. ವಾಯವ್ಯದ ತಕಾವೊ ಕಣಿವೆಯಲ್ಲಿ ಮೊದಲು, ನಗರದೊಳಗೆ ಆಮೇಲೆ. ಚೆರ್ರಿಗೆ ಹೋಲಿಸಿದರೆ ಈ ಋತು ಹೆಚ್ಚು ದಿನ ನಿಲ್ಲುವುದರಿಂದ, ದಿನಾಂಕವನ್ನು ಬಹಳ ಮೊದಲೇ ಗೊತ್ತುಮಾಡಬೇಕಾದವರಿಗೆ ನವೆಂಬರ್ ಸುರಕ್ಷಿತ. ಆದರೆ ತೋಫುಕು-ಜಿ ಮಂದಿರದ ತ್ಸೂತೆನ್ ಸೇತುವೆಯ ಮೇಲೆ ನಿಂತು ಕಣಿವೆಯ ಕೆಂಪನ್ನು ನೋಡುವವರ ನೂಕುನುಗ್ಗಲು ಎಷ್ಟೆಂದರೆ, ಆ ದಿನಗಳಲ್ಲಿ ಸೇತುವೆಯ ಮೇಲೆ ಫೋಟೊ ತೆಗೆಯುವುದನ್ನೇ ನಿಷೇಧಿಸಲಾಗುತ್ತದೆ.

ಮಳೆಗಾಲವನ್ನು ಪಟ್ಟಿಯಿಂದ ಹೊಡೆದುಹಾಕುವವರೇ ಹೆಚ್ಚು. ಕ್ಯೋಟೊದ ಪಾಚಿ ತೋಟಗಳು ನಿಜವಾದ ಹಸಿರಿಗೆ ಬರುವುದು ಮಾತ್ರ ಆಗಲೇ. ಚಳಿಗಾಲಕ್ಕೂ ತನ್ನದೇ ಲಾಭವಿದೆ: ಸಾಮಾನ್ಯ ದಿನಗಳಲ್ಲಿ ಬಾಗಿಲು ಮುಚ್ಚಿರುವ ಹಲವು ಮಂದಿರಗಳು ಜನವರಿಯಿಂದ ಮಾರ್ಚ್‌ವರೆಗೆ ವಿಶೇಷ ವೀಕ್ಷಣೆಗೆ ತೆರೆಯುತ್ತವೆ, ಸರತಿಯೂ ಕಡಿಮೆ. ಬೇಡವೇ ಬೇಡ ಎನ್ನಬಹುದಾದದ್ದು ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗಿನ ರಜೆಯ ಸರಣಿ, ಏಕೆಂದರೆ ಇಡೀ ಜಪಾನ್ ಆಗ ಪ್ರವಾಸದಲ್ಲಿರುತ್ತದೆ.

ಹೆಜ್ಜೆ 2: ಉತ್ಸವದ ದಿನ, ಅದರ ಮರುದಿನ

ಜಪಾನ್ 1873ರಿಂದ ಗ್ರೆಗೋರಿಯನ್ ಕ್ಯಾಲೆಂಡರನ್ನು ಬಳಸುತ್ತಿರುವುದರಿಂದ ಕ್ಯೋಟೊದ ದೊಡ್ಡ ಉತ್ಸವಗಳಿಗೆ ತಿಥಿ ನಕ್ಷತ್ರ ನೋಡಬೇಕಾಗಿಲ್ಲ. ವರ್ಷ ಮೊದಲೇ ದಿನ ಗುರುತಿಸಬಹುದು. ಮೇ 15ರಂದು ಅಓಯಿ ಮತ್ಸುರಿ (ಮತ್ಸುರಿ ಎಂದರೆ ಉತ್ಸವ). ಕ್ಯೋಟೊ ರಾಜಧಾನಿಯಾದ ಮೊದಲ ಶತಮಾನಗಳ, ಅಂದರೆ ಹೇಯಾನ್ ಕಾಲದ ರೇಷ್ಮೆ ಉಡುಪಿನ ಐನೂರಕ್ಕೂ ಹೆಚ್ಚು ಜನ, ಕುದುರೆಗಳು, ಹೂಗೊಂಚಲು ಇಳಿಬಿಟ್ಟ ಎತ್ತಿನ ಬಂಡಿ ಚಕ್ರವರ್ತಿಗಳ ಹಳೆಯ ಅರಮನೆಯಿಂದ ಹೊರಟು ಶಿಮೊಗಾಮೊ ಮತ್ತು ಕಾಮಿಗಾಮೊ ದೇಗುಲಗಳಿಗೆ ಸಾಗುತ್ತವೆ. ಅಕ್ಟೋಬರ್ 22ರಂದು ಜಿದಾಯ್ ಮತ್ಸುರಿ. ನಗರಕ್ಕೆ 1,100 ವರ್ಷ ತುಂಬಿದ ನೆನಪಿಗೆ 1895ರಲ್ಲಿ ಆರಂಭವಾದ ಈ ಮೆರವಣಿಗೆಯಲ್ಲಿ ಮೊದಲು 19ನೆಯ ಶತಮಾನದ ಮೇಜಿ ಕಾಲದ ಸೈನಿಕರು ಬರುತ್ತಾರೆ, ಬರಬರುತ್ತ ಕಾಲ ಹಿಂದಕ್ಕೆ ಸರಿದು ಕೊನೆಗೆ ಹೇಯಾನ್ ಯುಗದವರು. ಅದೇ ರಾತ್ರಿ ಉತ್ತರದ ಕುರಾಮ ಹಳ್ಳಿಯಲ್ಲಿ ಪಂಜಿನ ಉತ್ಸವವಿದ್ದು, ಒಂದೇ ದಿನದಲ್ಲಿ ಎರಡನ್ನೂ ನೋಡುವ ಆಸೆ ಹಲವರಿಗಿರುತ್ತದೆ. ಕುರಾಮಕ್ಕೆ ಹೋಗುವ ಸಣ್ಣ ರೈಲಿನ ಸರತಿಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಎರಡರಲ್ಲೊಂದನ್ನು ಬಿಡುವುದೇ ಒಳ್ಳೆಯದು.

ಅಓಯಿ ಮತ್ತು ಜಿದಾಯ್ ಮೆರವಣಿಗೆಗಳನ್ನು ಮಳೆ ಬಂದರೆ ಮರುದಿನಕ್ಕೆ ಮುಂದೂಡುತ್ತಾರೆ. ಉತ್ಸವದ ಮರುದಿನ ಬೆಳಿಗ್ಗೆಯೇ ಟೋಕಿಯೊಗೆ ರೈಲು ಕಾಯ್ದಿರಿಸಿದವರು ಬರಿಗೈಯಲ್ಲಿ ಹೋಗಬೇಕಾಗುತ್ತದೆ, ಹಾಗಾಗಿ ಒಂದು ದಿನ ಹೆಚ್ಚುವರಿಯಾಗಿ ಇಟ್ಟುಕೊಳ್ಳಿ.

ಆಗಸ್ಟ್ 16ರ ರಾತ್ರಿ 8 ಗಂಟೆಗೆ ಪೂರ್ವದ ಬೆಟ್ಟದ ಮೇಲೆ ‘ದೊಡ್ಡದು’ ಎಂಬ ಅರ್ಥದ ಅಕ್ಷರ ಬೆಂಕಿಯಲ್ಲಿ ಮೂಡುತ್ತದೆ. ಅದರ ಬೆನ್ನಿಗೇ ಉಳಿದ ನಾಲ್ಕು ಬೆಟ್ಟಗಳಲ್ಲೂ ಒಂದೊಂದಾಗಿ ಬೆಂಕಿ ಹೊತ್ತಿಕೊಳ್ಳುತ್ತದೆ. ಪಿತೃಗಳನ್ನು ಬೀಳ್ಕೊಡುವ ಈ ಆಚರಣೆಯಲ್ಲಿ ಪ್ರತಿ ಬೆಂಕಿ ಉರಿಯುವುದು ಅರ್ಧ ಗಂಟೆಯಷ್ಟೇ. ಐದನ್ನೂ ನೋಡಬೇಕೆಂದು ಓಡಾಡುವ ಬದಲು ಕಾಮೊ ನದಿಯ ದಂಡೆಯಲ್ಲಿ ಬೇಗ ಜಾಗ ಹಿಡಿದು ಮೊದಲನೆಯದನ್ನು ನೆಮ್ಮದಿಯಾಗಿ ನೋಡಿ.

ಹೆಜ್ಜೆ 3: ಗಿಯೋನ್ ಉತ್ಸವವಾದರೆ, ಮೆರವಣಿಗೆಗಿಂತ ಮೊದಲೇ ತಲುಪಿ

ಯಸಾಕ ದೇಗುಲದ ಗಿಯೋನ್ ಮತ್ಸುರಿ ಜುಲೈ ತಿಂಗಳಿಡೀ ನಡೆಯುತ್ತದೆ. 869ರಲ್ಲಿ ದೇಶದಲ್ಲಿ ಸಾಂಕ್ರಾಮಿಕ ಹಬ್ಬಿದಾಗ ಆಗಿನ 66 ಪ್ರಾಂತ್ಯಗಳ ಲೆಕ್ಕದಲ್ಲಿ 66 ಈಟಿಗಳನ್ನು ನಿಲ್ಲಿಸಿ ನಡೆಸಿದ ಪೂಜೆ ಇದರ ಮೂಲ. ಪ್ರವಾಸಿಗರು ಮುಗಿಬೀಳುವುದು ಜುಲೈ 17ರ ಬೆಳಿಗ್ಗೆಯ ಮೆರವಣಿಗೆಗೆ. ಕುಶಲಕರ್ಮಿಗಳ ಕೆಲಸದಲ್ಲಿ ಆಸಕ್ತಿಯಿರುವವರು ಒಂದು ವಾರ ಮೊದಲೇ, ಜುಲೈ 10ರ ಹೊತ್ತಿಗೆ ಬರಬೇಕು. ಶಿಜೊ ರಸ್ತೆಯ ಆಸುಪಾಸಿನ ಬೀದಿಗಳಲ್ಲಿ ಆಗ ತೇರು ಕಟ್ಟುವ ಕೆಲಸ ಆರಂಭವಾಗಿರುತ್ತದೆ. ಒಂದೇ ಒಂದು ಮೊಳೆ ಹೊಡೆಯದೆ, ಮರದ ತೊಲೆಗಳನ್ನು ಹುಲ್ಲಿನ ಹಗ್ಗದಿಂದ ಸುತ್ತಿ ಸುತ್ತಿ ಬಿಗಿಯುತ್ತಾರೆ. ಪ್ರತಿ ಬೀದಿಯವರ ಗಂಟಿನ ಬಗೆ ಬೇರೆ. ಮೆರವಣಿಗೆಯ ದಿನ ಈ ಕಟ್ಟುಗಳೆಲ್ಲ ನೆಲಗಂಬಳಿಗಳ ಮತ್ತು ಚಿತ್ರಪಟಗಳ ಹಿಂದೆ ಮುಚ್ಚಿಹೋಗುತ್ತವೆ. ಆ ಹೊದಿಕೆಗಳಲ್ಲಿ ಪರ್ಷಿಯಾದವು, ಭಾರತದವು ಇವೆ. ಕೊಯಿ-ಯಾಮ ಎಂಬ ತೇರಿನ ಮೇಲಿರುವುದು 16ನೆಯ ಶತಮಾನದಲ್ಲಿ ಬೆಲ್ಜಿಯಂ ಪ್ರದೇಶದಲ್ಲಿ ನೇಯ್ದ, ಟ್ರಾಯ್ ಯುದ್ಧದ ದೃಶ್ಯದ ಪಟ.

ಮೆರವಣಿಗೆಯನ್ನು ನೋಡಲು ನಿಲ್ಲಬೇಕಾದ ಜಾಗ ನೇರ ರಸ್ತೆಯಲ್ಲ, ತಿರುವು. ದೊಡ್ಡ ತೇರುಗಳು ಸುಮಾರು 12 ಟನ್ ತೂಗುತ್ತವೆ, ಗಾಲಿಗಳನ್ನು ಹೊರಳಿಸುವ ವ್ಯವಸ್ಥೆ ಅವುಗಳಲ್ಲಿಲ್ಲ. ಶಿಜೊ ಮತ್ತು ಕವಾರಾಮಾಚಿ ರಸ್ತೆಗಳು ಕೂಡುವಲ್ಲಿ ತೇರನ್ನು ನಿಲ್ಲಿಸಿ, ಸೀಳಿದ ಬಿದಿರಿನ ದಬ್ಬೆಗಳನ್ನು ಗಾಲಿಗಳ ಕೆಳಗೆ ಹಾಸಿ, ಮೇಲೆ ನೀರು ಸುರಿದು, ಮಿಣಿಯನ್ನು ಪಕ್ಕಕ್ಕೆ ತಂದು ಹಿಡಿಯುತ್ತಾರೆ. ತೇರಿನ ಮುಂಭಾಗದಲ್ಲಿ ನಿಂತವರು ಬೀಸಣಿಗೆ ಬೀಸಿ ಕೂಗು ಕೊಟ್ಟೊಡನೆ ಎಲ್ಲರೂ ಒಂದೇ ಏಟಿಗೆ ಎಳೆದಾಗ, ಒದ್ದೆ ಬಿದಿರಿನ ಮೇಲೆ ಗಾಲಿ ಕಿರಗುಟ್ಟುತ್ತ ಜಾರಿ, ಇಡೀ ತೇರು ನೆತ್ತಿಯ ಕಂಬದ ತುದಿಯವರೆಗೆ ಓಲಾಡಿ, ಒಂದಿಷ್ಟು ತಿರುಗಿ ನಿಲ್ಲುತ್ತದೆ. ದಬ್ಬೆಗಳನ್ನು ಮತ್ತೆ ಜೋಡಿಸಿ ಇದನ್ನೇ ಎರಡು ಮೂರು ಬಾರಿ ಮಾಡಬೇಕು. ಮೆರವಣಿಗೆ 9 ಗಂಟೆಗೆ ಹೊರಡುವುದಾದರೂ ಈ ಕೂಡುರಸ್ತೆಯಲ್ಲಿ ಮುಂದಿನ ಸಾಲು ಬೇಕೆಂದರೆ ಬಹಳ ಬೇಗ ಬರಬೇಕು. ಬಿಸಿಲಲ್ಲಿ ನಿಲ್ಲಲಾಗದವರಿಗೆ ಓಯಿಕೆ ರಸ್ತೆಯಲ್ಲಿ ಹಣ ಕೊಟ್ಟು ಕೂರುವ ಆಸನಗಳಿವೆ.

ಜುಲೈ 24ರಂದು ಎರಡನೆಯ, ಚಿಕ್ಕ ಮೆರವಣಿಗೆಯಿದೆ. ಹಲವು ದಶಕಗಳ ಕಾಲ ಎರಡನ್ನೂ ಸೇರಿಸಿ ಒಂದೇ ದಿನ ನಡೆಸುತ್ತಿದ್ದುದನ್ನು 2014ರಲ್ಲಿ ಮತ್ತೆ ಬೇರ್ಪಡಿಸಿದರು. 1864ರ ಬೆಂಕಿಯಲ್ಲಿ ಸುಟ್ಟುಹೋಗಿದ್ದ ಹಡಗಿನ ಆಕಾರದ ತೇರು ಒಂದೂವರೆ ಶತಮಾನದ ನಂತರ ಬೀದಿಗೆ ಬಂದದ್ದೂ ಆ ವರ್ಷವೇ. 16ರ ಸಂಜೆಯ ದೀಪಾಲಂಕಾರಕ್ಕೆ ಸೇರುವ ಜನಸಾಗರದ ಮುಂದೆ 21ರಿಂದ 23ರವರೆಗಿನ ಸಂಜೆಗಳು ಎಷ್ಟೋ ನಿರಾಳ. ಮಕ್ಕಳೊಂದಿಗೆ, ಹಿರಿಯರೊಂದಿಗೆ ಹೋಗುವವರಿಗೆ ನನ್ನ ಸಲಹೆ ಎರಡನೆಯದೇ. ತೇರುಗಳ ಬಳಿ ಮಾರುವ ‘ಚಿಮಾಕಿ’ ಎಂಬ ಎಲೆಯ ಕಟ್ಟು ತಿಂಡಿಯಲ್ಲವೆಂಬುದು ನೆನಪಿರಲಿ. ಅದು ರೋಗರುಜಿನ ಬಾರದಿರಲೆಂದು ಮನೆಯ ಬಾಗಿಲಿಗೆ ಕಟ್ಟುವ ರಕ್ಷೆ.

ಹೆಜ್ಜೆ 4: ಕಾಯ್ದಿರಿಸಬೇಕಾದವು

ಚೆರ್ರಿ, ಮೇಪಲ್ ಮತ್ತು ಗಿಯೋನ್ ದಿನಗಳಿಗೆ ವಸತಿಯನ್ನು ತಿಂಗಳುಗಳ ಮೊದಲೇ ಗೊತ್ತುಮಾಡಬೇಕು. ಕೋಣೆ ಸಿಗದಿದ್ದರೆ ಹತ್ತಿರದ ನಗರಗಳಾದ ಒಸಾಕಾದಲ್ಲೋ ಓತ್ಸುವಿನಲ್ಲೋ ಉಳಿದು ರೈಲಿನಲ್ಲಿ ಬಂದುಹೋಗುವುದು ಕಷ್ಟವಲ್ಲ. ನಗರಾಡಳಿತ 2018ರಿಂದ ಪ್ರತಿ ವ್ಯಕ್ತಿಗೆ ಪ್ರತಿ ರಾತ್ರಿಯ ಲೆಕ್ಕದಲ್ಲಿ ವಸತಿ ತೆರಿಗೆ ವಸೂಲು ಮಾಡುತ್ತಿದ್ದು, ಕೋಣೆಯ ಬಾಡಿಗೆ ಹೆಚ್ಚಿದಂತೆ ಅದೂ ಹೆಚ್ಚುತ್ತದೆ. ಪಾಚಿ ತೋಟಕ್ಕೆ ಹೆಸರಾದ ಸೈಹೊ-ಜಿಗೆ ಮೊದಲೇ ನೋಂದಾಯಿಸದೆ ಪ್ರವೇಶವಿಲ್ಲ. ಕತ್ಸುರ ಅರಮನೆಗೆ ಚಕ್ರವರ್ತಿ ಮನೆತನದ ಇಲಾಖೆಗೆ ಅರ್ಜಿ ಹಾಕಿಕೊಳ್ಳುವುದು ವಾಡಿಕೆ. ಹಳೆಯ ಅರಮನೆಗೆ ಮಾತ್ರ ಅರ್ಜಿಯೂ ಬೇಡ, ಶುಲ್ಕವೂ ಇಲ್ಲ.

ಹೆಜ್ಜೆ 5: ದಿನಚರಿ ಹೊಂದಿಸಿ

ಇಲ್ಲಿನ ಹೆಚ್ಚಿನ ಮಂದಿರಗಳು ಸಂಜೆ 5ರೊಳಗೆ ಮುಚ್ಚುತ್ತವೆ. ಬೆಳಿಗ್ಗೆ ಬೇಗ ತೆರೆಯುವವನ್ನು ಬಳಸಿಕೊಂಡರೆ ದಿನ ದೊಡ್ಡದಾಗುತ್ತದೆ. ಕಿಯೊಮಿಜು-ದೇರಾ 6 ಗಂಟೆಗೆ ಬಾಗಿಲು ತೆರೆಯುತ್ತದೆ. 1633ರಲ್ಲಿ ಮರುನಿರ್ಮಿಸಿದ, ಇಳಿಜಾರಿನಿಂದ ಸುಮಾರು 13 ಮೀಟರ್ ಎತ್ತರಕ್ಕೆ ಚಾಚಿಕೊಂಡ ಅದರ ಮರದ ಜಗಲಿಯ ಮೇಲೆ ಆ ಹೊತ್ತಿಗೆ ನಿಲ್ಲಲು ಜಾಗವಿರುತ್ತದೆ, ಹತ್ತು ಗಂಟೆಗೆ ಇರುವುದಿಲ್ಲ. ಫುಶಿಮಿ ಇನಾರಿ ಹಗಲೂ ರಾತ್ರಿಯೂ ತೆರೆದಿರುವುದರಿಂದ ಅದನ್ನು ನಡುಮಧ್ಯಾಹ್ನಕ್ಕೆ ಇಟ್ಟುಕೊಳ್ಳುವುದು ಸಮಯದ ದಂಡ; ಮುಂಜಾನೆಗೋ ಸಂಜೆಗೋ ಇಡಿ, ತಪ್ಪಲಿನ ದ್ವಾರಗಳಲ್ಲಿ ಫೋಟೊ ತೆಗೆದು ಹಿಂದಿರುಗದೆ ಮೇಲಕ್ಕೆ ಹತ್ತಿ.

ವಾರದ ರಜೆಗಳನ್ನು ನೋಡಿಕೊಳ್ಳಿ. ಹಳೆಯ ಅರಮನೆಗೆ ಸೋಮವಾರ ಬಿಡುವು; ನಿಜೊ ಕೋಟೆಯ ಒಳಗಿನ ನಿನೊಮಾರು ಅರಮನೆಯನ್ನು ಜನವರಿ, ಜುಲೈ, ಆಗಸ್ಟ್, ಡಿಸೆಂಬರ್ ತಿಂಗಳ ಮಂಗಳವಾರಗಳಂದು ಮುಚ್ಚುತ್ತಾರೆ, ಅದನ್ನು ನೋಡದಿದ್ದರೆ ಕೋಟೆಗೆ ಹೋದ ಪ್ರಯೋಜನವೇ ಅರ್ಧ. ತಿಂಗಳ 21ರಂದು ತೋ-ಜಿ ಮಂದಿರದ ಅಂಗಳದಲ್ಲಿ, 25ರಂದು ಕಿತಾನೊ ತೆನ್‌ಮಾಂಗು ದೇಗುಲದ ಸುತ್ತ ಹಳೆಯ ಬಟ್ಟೆ, ಪಿಂಗಾಣಿ, ಸಾಮಾನುಗಳ ಸಂತೆ ಸೇರುತ್ತದೆ. ಫೆಬ್ರವರಿ 25 ಸಿಕ್ಕಿದರೆ ಕಿತಾನೊದಲ್ಲಿ ಸಂತೆಯ ಜೊತೆಗೆ ಪ್ಲಮ್ ಹೂವಿನ ಉತ್ಸವವೂ ಸಿಗುತ್ತದೆ.

ಹೆಜ್ಜೆ 6: ಓಡಾಟ, ನಡವಳಿಕೆ, ಊಟ

ಋತುವಿನ ದಿನಗಳಲ್ಲಿ ನಗರದ ಬಸ್ಸುಗಳು ತುಂಬಿ ತುಳುಕುತ್ತವೆ. ಹಿಂಬಾಗಿಲಿಂದ ಹತ್ತಿ, ಇಳಿಯುವಾಗ ಮುಂದೆ ಚಾಲಕರ ಬಳಿ ಹಣ ಹಾಕಬೇಕು. ಬಸ್ಸುಗಳಿಗೆ ಮಾತ್ರ ಸೀಮಿತವಾಗಿದ್ದ ಹಳೆಯ ದಿನದ ಪಾಸನ್ನು ಈಗ ಕೊಡುವುದಿಲ್ಲ. ಸುರಂಗ ರೈಲು, ಬಸ್ಸು ಎರಡಕ್ಕೂ ನಡೆಯುವ ದಿನದ ಪಾಸು ಸಿಗುತ್ತದೆ. ಸಾಧ್ಯವಾದಷ್ಟು ದೂರ ರೈಲಿನಲ್ಲಿ ಹೋಗಿ ಅಲ್ಲಿಂದ ನಡೆಯಿರಿ, ದೊಡ್ಡ ಸೂಟ್‌ಕೇಸನ್ನು ನಿಲ್ದಾಣದ ಲಾಕರಿನಲ್ಲಿಡಿ. ಗಿಯೋನ್ ಬಡಾವಣೆಯ ಖಾಸಗಿ ಓಣಿಗಳಿಗೆ 2024ರಿಂದ ಪ್ರವಾಸಿಗರ ಪ್ರವೇಶವನ್ನು ನಿಷೇಧಿಸಿ, 10,000 ಯೆನ್ ದಂಡದ ಫಲಕ ಹಾಕಿದ್ದಾರೆ. ಕೆಲಸಕ್ಕೆ ಹೊರಟ ಗೇಯ್‌ಕೊ (ಸಾಂಪ್ರದಾಯಿಕ ನೃತ್ಯ, ಸಂಗೀತದ ಕಲಾವಿದೆಯರು), ಮಾಯ್‌ಕೊಗಳ (ಆ ಕಲೆ ಕಲಿಯುತ್ತಿರುವ ಹುಡುಗಿಯರು) ಹಿಂದೆ ಕ್ಯಾಮೆರಾ ಹಿಡಿದು ಓಡಿದವರಿಂದಾಗಿ ಬಂದ ನಿಯಮವಿದು. ಅವರ ಕಲೆಯನ್ನು ನೋಡಬೇಕೆನ್ನುವವರಿಗೆ 1872ರಲ್ಲಿ ಆರಂಭವಾದ ಮಿಯಾಕೊ ಓದೊರಿ ನೃತ್ಯ ಏಪ್ರಿಲ್‌ನಲ್ಲಿ ರಂಗಮಂದಿರದಲ್ಲೇ ನಡೆಯುತ್ತದೆ, ಟಿಕೆಟ್ ಕೊಂಡು ಕುಳಿತು ನೋಡಬಹುದು.

ಸಸ್ಯಾಹಾರಿಗಳು ಒಂದು ವಿಷಯದಲ್ಲಿ ಎಚ್ಚರ ವಹಿಸಬೇಕು. ತೋಫು, ತರಕಾರಿ ಮಾತ್ರ ಕಾಣುವ ಬಟ್ಟಲಿನಲ್ಲೂ ಒಣಮೀನಿನಿಂದ ತೆಗೆದ ‘ದಾಶಿ’ ಎಂಬ ಸಾರು ಇರುವುದು ಸಾಮಾನ್ಯ, ಬಡಿಸುವವರಿಗೆ ಅದು ಮಾಂಸಾಹಾರವೆಂದು ತೋಚುವುದೂ ಇಲ್ಲ. ಬೌದ್ಧ ಮಂದಿರಗಳ ‘ಶೋಜಿನ್’ ಅಡುಗೆಯಲ್ಲಿ ಮೀನು, ಮಾಂಸ ಎರಡೂ ಇರುವುದಿಲ್ಲ. ಬಹಳ ಕಡೆ ಅದನ್ನು ಮೊದಲೇ ಹೇಳಿ ಮಾಡಿಸಬೇಕಾಗುವುದರಿಂದ, ಕಾಯ್ದಿರಿಸುವಾಗಲೇ ಮೀನಿನ ದಾಶಿ ಬೇಡವೆಂಬುದನ್ನು ಜಪಾನಿ ಭಾಷೆಯಲ್ಲಿ ಬರೆಸಿ ಕಳುಹಿಸಿ, ಅದೇ ಚೀಟಿಯನ್ನು ಜೇಬಿನಲ್ಲೂ ಇಟ್ಟುಕೊಳ್ಳಿ.