ನಾಲ್ಕು ಬೀಜ ಆಯ್ತಾ, ಫೋನ್ ಮಾಡು

ಕೊಡಗಿನ ಸಿದ್ದಾಪುರದ ಕಡೆಯ ಕಾಫಿ ತೋಟದ ಲೈನ್ ಮನೆಗಳು, ಅಂದರೆ ಕೂಲಿಯವರ ಸಾಲು ಮನೆಗಳು, ಸಿಸ್ಟರಾಗಿ ನನ್ನ ಏರಿಯಾ. ದಿನ ತುಂಬುವ ಮೊದಲೇ ಹೆರಿಗೆ ಶುರುವಾಗಿದೆಯಾ ಅಂತ ತಿಳಿಯಲು ಮೊದಲೆರಡು ವರ್ಷ ನಾನೂ, ಸಿಸ್ಟರುಗಳೇ, ನಿಮ್ಮ ಹಾಗೇ ಬಸುರಿಯರನ್ನು "ನೋವು ಬರ್ತಾ ಇದೆಯಾ?" ಅಂತ ಕೇಳುತ್ತಿದ್ದೆ. "ಇಲ್ಲ ಸಿಸ್ಟರೇ" ಅನ್ನುತ್ತಿದ್ದರು. ರಾತ್ರಿ ಹನ್ನೊಂದಕ್ಕೆ ಫೋನು. ದಾರಿಯಲ್ಲಿ ಆನೆ, ಜೀಪಿನವನು ಬರಲ್ಲ. ಹಾಗೆ ಏಳು ತಿಂಗಳಿಗೇ ಲೈನಿನಲ್ಲಿ ಹುಟ್ಟಿದ ಒಂದು ಕೂಸು ಬೆಳಗಾಗುವಷ್ಟರಲ್ಲಿ ಹೋಯಿತು.

ತಪ್ಪು ನನ್ನ ಪ್ರಶ್ನೆಯಲ್ಲಿತ್ತು. ಎಷ್ಟೋ ಜನರಿಗೆ ಶುರುವಿಗೆ ನೋವೇ ಇರಲ್ಲ, ಅಲ್ವಾ? ಈಗ ಅವರ ಬೆರಳು ಹಿಡಿದು ಮೊದಲು ಅವರ ಕೆನ್ನೆ ಮುಟ್ಟಿಸುತ್ತೇನೆ, ಆಮೇಲೆ ಹಣೆ. "ಹೊಟ್ಟೆ ಕೆನ್ನೆ ಹಾಗಿದ್ರೆ ಸುಮ್ನಿರು. ಹಣೆ ಹಾಗೆ ಗಟ್ಟಿಯಾಗಿ ಮತ್ತೆ ಸಡಿಲ ಆಯ್ತಾ, ಅದು ಒಂದು."

ಲೆಕ್ಕ ಇಡಲು ಮೊದಲು ಚಾರ್ಟ್ ಮಾಡಿಸಿದೆ. ಲ್ಯಾಮಿನೇಶನ್ ಸೇರಿ ಕೈಯಿಂದ 600 ರೂಪಾಯಿ ಹೋಯಿತು. ಒಂದು ಮನೆಯಲ್ಲಿ ಅದನ್ನು ಸೋರುವ ಹಂಚಿನ ಸಂದಿಗೆ ಸಿಕ್ಕಿಸಿದ್ದರು. ಆಮೇಲೆ ಹೊಳೆದದ್ದು ಕಾಫಿ ಬೀಜ. ನೀರು ಕುಡಿದು, ಮೂತ್ರಕ್ಕೆ ಹೋಗಿ ಬಂದು, ಎಡಮಗ್ಗುಲಾಗಿ ಒಂದು ಗಂಟೆ ಮಲಗಬೇಕು. ಗಟ್ಟಿಯಾದಾಗಲೆಲ್ಲ ಲೋಟಕ್ಕೊಂದು ಬೀಜ. ನಾಲ್ಕಾದರೆ ಫೋನ್. ಕೆಳಗಿನಿಂದ ನೀರು ಹೋದರೆ, ರಕ್ತ ಕಂಡರೆ ಎಣಿಸುವ ಮಾತೇ ಇಲ್ಲ, ಹೊರಡುವುದೇ.

ಡಾಕ್ಟರು ನಕ್ಕರು. ಬೀಜ ಶುರುಮಾಡಿದ ಮೊದಲ ಕೊಯ್ಲಿನಲ್ಲಿ ಹತ್ತು ಜನರನ್ನು ಆಸ್ಪತ್ರೆಗೆ ಕರೆದೊಯ್ದರೆ ಆರೇಳು ಮಂದಿ ಹೆರಿಗೆಯಲ್ಲ ಅಂತ ವಾಪಸ್. ಜೀಪಿಗೆ ಹಗಲು 500, ಕತ್ತಲಾದರೆ ಸಾವಿರದ ಹತ್ತಿರ. ಆದರೆ ಆ ವಾಪಸಾದವರ ಮೂತ್ರ ನೋಡಿದೆ, ಸುಮಾರು ಅರ್ಧದಷ್ಟು ಜನರಿಗೆ ಸೋಂಕು, ಅದಕ್ಕೂ ಹೊಟ್ಟೆ ಗಟ್ಟಿಯಾಗುತ್ತದೆ. ತೋಟದಲ್ಲಿ ಹೋಗಲು ಜಾಗವಿಲ್ಲ ಅಂತ ಇಡೀ ದಿನ ನೀರೇ ಕುಡಿಯಲ್ಲ ಇವರು! ಸೋಂಕಿಗೆ ಔಷಧಿ ಕೊಡಿಸಿದ ಮೇಲೆ ಸುಳ್ಳು ಓಡಾಟ ಕಡಿಮೆಯಾಯಿತು.

ಏಳು ತಿಂಗಳಾದವರನ್ನು ಕೊಯ್ಲಿನಿಂದ ಬಿಡಿಸಿ ಕೂತು ಬೀಜ ಆರಿಸುವ ಕೆಲಸಕ್ಕೆ ಹಾಕಿಸಿದೆ. ಕಿಲೋ ಲೆಕ್ಕದ ಕೂಲಿ ತಪ್ಪುತ್ತದೆ ಅಂತ ಅವರೇ ಜಗಳಕ್ಕೆ ಬಂದರು. ತೋಟದ ಲೆಕ್ಕ ಬರೆಯುವ ರೈಟರನ್ನು ಹೇಗೆ ಒಪ್ಪಿಸಿ ಆ ಕೂಲಿ ಸರಿಮಾಡಿಸಿದೆ ಅಂತ ಬರೆಯಲ್ಲ, ಈ ವರ್ಷವೂ ಅವರ ಹತ್ತಿರ ನನಗೆ ಕೆಲಸ ಇದೆ. ಈ ಹೆಂಗಸರ ಹೊಗೆಸೊಪ್ಪಿನ ಚಟ ಬಿಡಿಸಲು ಹೋಗಿ ಮಾತ್ರ ಪೂರ್ತಿ ಸೋತೆ.

ಹೋದ ವರ್ಷ ಜನವರಿ. 31 ವಾರದವಳೊಬ್ಬಳು ಸಂಜೆ ನಾಲ್ಕಕ್ಕೆ ಫೋನ್ ಮಾಡಿದಳು. "ಲೋಟದಲ್ಲಿ ಮೂರಿದೆ ಸಿಸ್ಟರೇ, ಒಂದನ್ನು ಮಗ ಬಾಯಿಗೆ ಹಾಕ್ಕೊಂಡ." ಮೊದಲು ಅವನ ಬಾಯಿಂದ ತೆಗೆಸಿದೆ. (ಲೋಟ ಈಗ ಎಲ್ಲರ ಮನೆಯಲ್ಲೂ ಎತ್ತರದ ಹಲಗೆ ಮೇಲೆ.) ಡಾಕ್ಟರಿಗೆ ಹೇಳಿ ಡೆಕ್ಸಾ (ಡೆಕ್ಸಾಮೆಥಸೋನ್, ಹೊಟ್ಟೆಯೊಳಗಿನ ಕೂಸಿನ ಶ್ವಾಸಕೋಶ ಬಲಿಯಲು ಕೊಡುವ ಇಂಜೆಕ್ಷನ್) 6 ಮಿ.ಗ್ರಾಂ. ಕೊಟ್ಟೆ. 24ರಿಂದ 34 ವಾರದೊಳಗೆ ಮೊದಲ ಡೋಸ್ ನಾವು ಸಿಸ್ಟರುಗಳೇ ಕೊಟ್ಟು ಕಳಿಸಬಹುದು ಅಂತ ಸರ್ಕಾರದ ಮಾರ್ಗಸೂಚಿಯಲ್ಲಿ 2014ರಿಂದಲೇ ಇದೆಯಲ್ಲ, ಕೊಡಲು ಇನ್ನೂ ಹೆದರುವವರಿದ್ದಾರೆ. ಉಳಿದ ಮೂರು ಡೋಸ್ 12 ಗಂಟೆಗೊಂದರಂತೆ ಮಡಿಕೇರಿ ಆಸ್ಪತ್ರೆಯಲ್ಲಿ. ಹೆರಿಗೆ ಎರಡು ದಿನ ತಡೆದಿತ್ತು. ಕೂಸು ಒಂದೂವರೆ ಕಿಲೋ, ಅಳುತ್ತಲೇ ಬಂತು.

ಅವಳು ಹೊರಟ ದಿನವೇ ರಾತ್ರಿ ಆನೆಗಳು ಅದೇ ದಾರಿಗೆ ಇಳಿದಿದ್ದವು. ನಕ್ಕ ಡಾಕ್ಟರು ಈಗ ಫೋನ್ ಎತ್ತಿದ ಕೂಡಲೇ ಕೇಳುವುದು ಒಂದೇ, "ಎಷ್ಟು ಬೀಜ?"